ಬೈಸಿಕಲ್‌ನಲ್ಲಿ ಕೇಳಿಬರುವ ಕಿರುಗುಟ್ಟುವ ಶಬ್ದ: ಕಾರಣ ಪತ್ತೆ ಹಾಗೂ ದುರಸ್ತಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ, ಹುಲಿಕಲ್, ಯಡೂರು ಹಾಗೂ ಸುತ್ತಮುತ್ತಲಿನ ಗ್ರಾಮಗಳು ರಾಜ್ಯದಲ್ಲಿಯೇ ಅತ್ಯಧಿಕ ಮಳೆ ಬೀಳುವ ಪ್ರದೇಶಕ್ಕೆ ಸೇರಿವೆ. ವರ್ಷವೊಂದಕ್ಕೆ 5,000 ಮಿ.ಮೀ. ಮೀರಿದ ಮಳೆ ಇಲ್ಲಿ ಸಾಮಾನ್ಯವಾಗಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಸುರಿಯುತ್ತದೆ. ವಾರಾಹಿ ಜಲವಿದ್ಯುತ್ ಯೋಜನೆಯ ಮಾಣಿ ಅಣೆಕಟ್ಟೆಯನ್ನು ತುಂಬಿಸುವ ಇದೇ ಮಳೆಯು, ಜಗಲಿಯ ಪಕ್ಕದಲ್ಲಿ ನಿಲ್ಲಿಸಿದ ಬೈಸಿಕಲ್‌ನ ಕೀಲುಗಳೊಳಕ್ಕೂ ಇಳಿಯುತ್ತದೆ. ಮಳೆಗಾಲ ಮುಗಿದು ಬಿಸಿಲು ಕಾಣಿಸಿಕೊಂಡ ನಂತರ ಈ ಭಾಗದ ಬೈಸಿಕಲ್‌ಗಳಲ್ಲಿ ಕಿರುಗುಟ್ಟುವ ಶಬ್ದ ಹೆಚ್ಚಾಗಿ ಕೇಳಿಬರುವುದಕ್ಕೆ ಇದು ಮುಖ್ಯ ಕಾರಣವಾಗಿದೆ.

ಸರ್ಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳ 8ನೇ ತರಗತಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಬೈಸಿಕಲ್ ವಿತರಿಸುವ ಯೋಜನೆಯನ್ನು ರಾಜ್ಯ ಸರ್ಕಾರವು 2006-07ನೇ ಸಾಲಿನಲ್ಲಿ ಜಾರಿಗೊಳಿಸಿತು. 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದ ಅವಧಿಯಲ್ಲಿ ವಿತರಣೆ ನಿಂತಿತು. ಆವರೆಗೆ ವಿತರಿಸಲಾದ ಬೈಸಿಕಲ್‌ಗಳ ಪೈಕಿ ಅನೇಕವು ಮಲೆನಾಡಿನ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಅಣ್ಣ ಅಥವಾ ಅಕ್ಕ ಓಡಿಸಿದ ಬೈಸಿಕಲ್ಲನ್ನು ತಮ್ಮ ತಂಗಿಯರು ಓಡಿಸುತ್ತಿದ್ದಾರೆ. ಶಾಲೆ ಮುಗಿಸಿದವರ ಬೈಸಿಕಲ್ಲಿನಲ್ಲಿ ಮನೆಯ ಹಿರಿಯರು ಡೇರಿಗೆ ಹಾಲು ಸಾಗಿಸುತ್ತಿದ್ದಾರೆ. ಸದರಿ ಬೈಸಿಕಲ್‌ಗಳಿಗೆ ಖಾತರಿ ಅವಧಿ ಈಗ ಉಳಿದಿರುವುದಿಲ್ಲವಾದ್ದರಿಂದ ದುರಸ್ತಿಯ ಹೊಣೆ ಬಳಕೆದಾರರದ್ದೇ ಆಗಿರುತ್ತದೆ. ಬಸ್ಸು ವಿರಳವಾದ ಗ್ರಾಮಗಳಲ್ಲಿ ಬೈಸಿಕಲ್ ಮೂಲೆ ಸೇರಿದರೆ ಮಗುವಿನ ಶಾಲೆಯ ಹಾದಿ ನಡಿಗೆಯ ಹಾದಿಯಾಗುತ್ತದೆ. ಆದ್ದರಿಂದ ಶಬ್ದದ ಮೂಲವನ್ನು ಮನೆಯಲ್ಲಿಯೇ ಪತ್ತೆ ಹಚ್ಚುವ ಕ್ರಮವನ್ನು ಹಾಗೂ ಯಾವ ಶಬ್ದವನ್ನು ಅಲಕ್ಷಿಸಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಶಬ್ದ ಏಕೆ ಉಂಟಾಗುತ್ತದೆ?

ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿರಬೇಕಾದ ಎರಡು ಲೋಹದ ಭಾಗಗಳು ಭಾರ ಬಿದ್ದಾಗ ಕೂದಲೆಳೆಯಷ್ಟು ಜಾರಿ, ಮತ್ತೆ ಹಿಡಿದು, ಮತ್ತೆ ಜಾರುವುದರಿಂದ ಕಿರುಗುಟ್ಟುವ ಶಬ್ದ ಹುಟ್ಟುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದರ ಉದ್ದೇಶವೂ ಇದನ್ನು ತಡೆಯುವುದೇ ಆಗಿತ್ತು. ಭಾಗಗಳ ನಡುವೆ ಗ್ರೀಸ್ ಇರುವವರೆಗೆ ನೀರು ಒಳಸೇರುವುದಿಲ್ಲ. ಗ್ರೀಸ್ ತೊಳೆದುಹೋದ ಮೇಲೆ ತುಕ್ಕು ಹಿಡಿದು, ತುಕ್ಕಿನ ಪುಡಿಯೊಂದಿಗೆ ಕೆಮ್ಮಣ್ಣಿನ ನುಣುಪು ಧೂಳೂ ಸೇರಿಕೊಳ್ಳುತ್ತದೆ. ಮಳೆಯಲ್ಲಿ ನೆನೆದಿರುವಾಗ ನೀರೇ ತಾತ್ಕಾಲಿಕವಾಗಿ ಎಣ್ಣೆಯ ಕೆಲಸ ಮಾಡುವುದರಿಂದ ಶಬ್ದ ಅಡಗಿರುವುದುಂಟು. ಇದನ್ನು ದೋಷ ತಾನಾಗಿಯೇ ನಿವಾರಣೆಯಾಯಿತೆಂದು ಭಾವಿಸಬಾರದು.

ಬೈಸಿಕಲ್‌ನ ಚೌಕಟ್ಟು ಟೊಳ್ಳು ಕೊಳವೆಗಳಿಂದ ರಚಿತವಾಗಿದೆ. ಒಂದು ತುದಿಯ ಶಬ್ದವು ಕೊಳವೆಯ ಮೂಲಕ ಸಾಗಿ ಇನ್ನೊಂದು ತುದಿಯಲ್ಲಿ ಹುಟ್ಟಿದಂತೆ ಕೇಳಿಸುತ್ತದೆ. ಸೀಟಿನ ಶಬ್ದವನ್ನು ಪೆಡಲ್‌ನ ಶಬ್ದವೆಂದು ತಿಳಿದು, ಪೆಡಲ್ ಹಾಗೂ ಬಿ.ಬಿ. ಬದಲಾಯಿಸಿದ ನಂತರವೂ ಶಬ್ದ ಹಾಗೆಯೇ ಉಳಿಯುವುದು ಬಹಳ ಕಡೆ ನಡೆಯುತ್ತದೆ. ಕಿವಿಯನ್ನಷ್ಟೇ ನಂಬದೆ, ಶಬ್ದ ಯಾವಾಗ ಬರುತ್ತದೆ ಮತ್ತು ಎಷ್ಟು ಸಲ ಬರುತ್ತದೆ ಎಂಬುದನ್ನು ಗಮನಿಸುವುದು ಖಚಿತವಾದ ಮಾರ್ಗವಾಗಿದೆ.

ಶಬ್ದದ ಮೂಲವನ್ನು ಗುರುತಿಸುವ ಕ್ರಮ

ವಾಹನ ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಬೈಸಿಕಲ್ಲನ್ನು ನಿಧಾನವಾಗಿ ಓಡಿಸಿ, ಮೊದಲು ಪೆಡಲ್ ತುಳಿಯುವುದನ್ನು ನಿಲ್ಲಿಸಬೇಕು. ಶಬ್ದವೂ ನಿಂತರೆ ದೋಷವು ಪೆಡಲ್, ಕ್ರ್ಯಾಂಕ್, ಬಿ.ಬಿ. ಅಥವಾ ಚೈನ್‌ನಲ್ಲಿ ಇರುವ ಸಂಭವವೇ ಹೆಚ್ಚು. ತುಳಿಯದಿದ್ದರೂ ಶಬ್ದ ಮುಂದುವರಿದರೆ ಚಕ್ರ, ಮಡ್‌ಗಾರ್ಡ್ ಅಥವಾ ಕ್ಯಾರಿಯರ್ ಕಡೆ ಗಮನ ಹರಿಸಬೇಕು. ತುಳಿಯುವುದನ್ನು ನಿಲ್ಲಿಸಿದಾಗ ಹಿಂಚಕ್ರದ ಫ್ರೀವೀಲ್‌ನಿಂದ ಬರುವ ಟಿಕ್‌ಟಿಕ್ ಎಂಬ ಶಬ್ದ ಸಹಜವಾದುದು, ಅದು ದೋಷವಲ್ಲ.

ನಂತರ ಸೀಟಿನಿಂದ ಎದ್ದು, ಪೆಡಲ್‌ಗಳ ಮೇಲೆ ನಿಂತು ತುಳಿಯಬೇಕು. ಆಗ ಶಬ್ದ ಇಲ್ಲವಾದರೆ ಸೀಟು, ಅದರ ಸ್ಪ್ರಿಂಗ್ ಅಥವಾ ಸೀಟ್ ಪಿಲ್ಲರ್ ಕಾರಣವಾಗಿರುತ್ತದೆ. ಈ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಇದನ್ನು ಮಾಡದೆ ಬಿ.ಬಿ. ಬಿಚ್ಚಿಸುವುದು ಅನವಶ್ಯಕ ವೆಚ್ಚ.

ಇನ್ನು ಎಣಿಕೆಯ ವಿಧಾನ. ಪೆಡಲ್ ಒಂದು ಸುತ್ತು ತಿರುಗುವಾಗ ಒಂದು ಅಥವಾ ಎರಡು ಬಾರಿ, ಪ್ರತಿ ಸಲವೂ ಅದೇ ಸ್ಥಾನದಲ್ಲಿ ಶಬ್ದ ಬಂದರೆ ಅದು ಪೆಡಲ್, ಕ್ರ್ಯಾಂಕ್ ಅಥವಾ ಬಿ.ಬಿ.ಗೆ ಸೇರಿದ್ದು. ಪೆಡಲ್‌ನ ಸುಮಾರು ಎರಡೂವರೆ ಸುತ್ತಿಗೆ ಒಮ್ಮೆ ಬಂದರೆ ಚೈನ್‌ನ ಯಾವುದೋ ಒಂದು ಕೊಂಡಿ ಬಿಗಿದುಕೊಂಡಿದೆ ಎಂದು ತಿಳಿಯಬಹುದು. ಇದರ ಲೆಕ್ಕ ಸರಳವಾಗಿದೆ: ಮುಂದಿನ ಚೈನ್ ವೀಲ್‌ನಲ್ಲಿ 44 ಹಲ್ಲುಗಳಿದ್ದರೆ ಪೆಡಲ್‌ನ ಒಂದು ಸುತ್ತಿಗೆ ಚೈನ್‌ನ 44 ಕೊಂಡಿಗಳು ಮುಂದೆ ಸಾಗುತ್ತವೆ; ಚೈನ್‌ನಲ್ಲಿ 110 ಕೊಂಡಿಗಳಿದ್ದಲ್ಲಿ ಅದೇ ಕೊಂಡಿ ಮರಳಿ ಬರಲು ಎರಡೂವರೆ ಸುತ್ತು ಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಪೆಡಲ್‌ನ ಒಂದು ಸುತ್ತಿನಲ್ಲಿ ಎರಡಕ್ಕಿಂತ ಹೆಚ್ಚು ಬಾರಿ, ಬೈಸಿಕಲ್‌ನ ವೇಗ ಏರಿದಂತೆ ಏರುತ್ತಾ ಶಬ್ದ ಬಂದರೆ ಚಕ್ರವನ್ನು ಪರಿಶೀಲಿಸತಕ್ಕದ್ದು.

ಕಾಟರ್ ಪಿನ್

ಭಾರತದಲ್ಲಿ ಬಹುಕಾಲದಿಂದ ತಯಾರಾಗುತ್ತಿರುವ ಉಕ್ಕಿನ ಸಾಧಾರಣ ಬೈಸಿಕಲ್‌ಗಳ ವಿನ್ಯಾಸವು ಇಂಗ್ಲೆಂಡಿನ ಹಳೆಯ ಮಾದರಿಯಿಂದ ಬಂದುದಾಗಿದೆ. ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್ ಹಾಗೂ ಲುಧಿಯಾನದಲ್ಲಿ 1956ರಲ್ಲಿ ಹೀರೊ ಕಾರ್ಖಾನೆಗಳು ಆರಂಭವಾದ ಮೇಲೆ ಈ ಮಾದರಿ ದೇಶದಾದ್ಯಂತ ಹರಡಿತು. ಇದರಲ್ಲಿ ಕ್ರ್ಯಾಂಕನ್ನು ಬಿ.ಬಿ. ಆಕ್ಸಲ್‌ಗೆ ಹಿಡಿದಿಡುವುದು ಒಂದು ಬದಿಯನ್ನು ಓರೆಯಾಗಿ ಚಪ್ಪಟೆ ಮಾಡಿದ, ಬೆರಳ ಗಾತ್ರದ ಒಂದು ಪಿನ್. ಇದನ್ನೇ ಕಾಟರ್ ಪಿನ್ ಎನ್ನಲಾಗುತ್ತದೆ. ಸವಾರನ ಕಾಲಿನ ಒತ್ತಡವೆಲ್ಲ ಈ ಸಣ್ಣ ಪಿನ್ನಿನ ಮೇಲೆ ಬೀಳುವುದರಿಂದ, ಇಂತಹ ಬೈಸಿಕಲ್‌ಗಳಲ್ಲಿ ಏರು ಹತ್ತುವಾಗ ಕೇಳುವ ‘ಟಕ್’ ಅಥವಾ ‘ಕಟಕ್’ ಶಬ್ದಕ್ಕೆ ಮೊದಲು ಅನುಮಾನಿಸಬೇಕಾದ ಭಾಗ ಇದೇ ಆಗಿದೆ.

ಪರೀಕ್ಷಿಸುವ ವಿಧಾನ: ಬೈಸಿಕಲ್ಲನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎರಡೂ ಕ್ರ್ಯಾಂಕ್‌ಗಳನ್ನು ನೆಲಕ್ಕೆ ಸಮಾನಾಂತರವಾಗಿರಿಸಿ, ಒಂದನ್ನು ಒಂದು ಕೈಯಿಂದ ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಮೇಲಕ್ಕೆ ಕೆಳಕ್ಕೆ ಅಲುಗಾಡಿಸಬೇಕು. ಒಂದು ನಿಶ್ಚಲವಾಗಿದ್ದು ಇನ್ನೊಂದು ಅಲುಗಿದರೆ ಕಾಟರ್ ಪಿನ್ ಸವೆದಿದೆ ಅಥವಾ ಸಡಿಲಗೊಂಡಿದೆ. ಎರಡೂ ಕ್ರ್ಯಾಂಕ್‌ಗಳು ಒಟ್ಟಿಗೇ ಪಕ್ಕಕ್ಕೆ ಅಲುಗಿದರೆ ದೋಷವಿರುವುದು ಬಿ.ಬಿ.ಯಲ್ಲಿ.

ಪಿನ್ನಿನ ನಟ್ಟನ್ನು ಸ್ಪ್ಯಾನರ್‌ನಿಂದ ಬಿಗಿಗೊಳಿಸಿದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ನಟ್ ಇರುವುದು ಪಿನ್ ಹೊರಬೀಳದಂತೆ ತಡೆಯುವುದಕ್ಕೆ. ಪಿನ್ನನ್ನು ಬಿಗಿಯಾಗಿ ಒಳಗೆ ಕೂರಿಸುವ ಕೆಲಸ ಸುತ್ತಿಗೆಯದು. ನಟ್ಟಿನ ಬಲದಿಂದಲೇ ಪಿನ್ನನ್ನು ಎಳೆಯಲು ಹೋದರೆ ಪಿನ್ನಿನ ಸಪೂರವಾದ ಎಳೆಗಳು ಹರಿದು ಹೋಗುತ್ತವೆ.

ಪಿನ್ ಬದಲಾಯಿಸುವಾಗ ಕ್ರ್ಯಾಂಕ್‌ನ ಕೆಳಗೆ, ಪಿನ್ ಇಳಿಯಲು ಎಡೆಯಿರುವ ಗಟ್ಟಿಯಾದ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಊರಿ ಆಧಾರ ಕೊಡುವುದು ಅತ್ಯವಶ್ಯಕ. ಆಧಾರವಿಲ್ಲದೆ ಹೊಡೆದರೆ ಪೆಟ್ಟು ನೇರವಾಗಿ ಬಿ.ಬಿ.ಯ ಬಾಲ್ಸ್ ಹಾಗೂ ಕಪ್‌ಗಳ ಮೇಲೆ ಬಿದ್ದು, ಒಂದು ದೋಷ ಸರಿಪಡಿಸಲು ಹೋಗಿ ಇನ್ನೊಂದು ಸೇರಿಕೊಳ್ಳುತ್ತದೆ. ನಟ್ಟನ್ನು ಪಿನ್ನಿನ ತುದಿಯ ಮಟ್ಟದವರೆಗೆ ಸಡಿಲಿಸಿ, ಹಲವು ಸಣ್ಣ ಪೆಟ್ಟುಗಳ ಬದಲು ಒಂದೆರಡು ಬಲವಾದ ಪೆಟ್ಟು ಹಾಕುವುದು ಉತ್ತಮ. ಹೊಸ ಪಿನ್ನನ್ನು ಕೂರಿಸುವಾಗ ಅದರ ಓರೆಯು ಆಕ್ಸಲ್‌ನ ಕಚ್ಚಿಗೆ ಪೂರ್ಣವಾಗಿ ತಾಗಬೇಕು. ತಾಗದಿದ್ದಲ್ಲಿ ಅರದಿಂದ ಉಜ್ಜಿ ಹೊಂದಿಸಬೇಕು. ಎರಡು ಪಿನ್ನುಗಳ ದಿಕ್ಕನ್ನೂ ಗಮನಿಸುವುದು: ಬಲಗಡೆಯ ಕ್ರ್ಯಾಂಕ್ ಕೆಳಗಿರುವಾಗ ಅದರ ನಟ್ ಹಿಂಚಕ್ರದ ಕಡೆಗಿದ್ದರೆ, ಎಡಗಡೆಯ ಕ್ರ್ಯಾಂಕ್ ಕೆಳಗೆ ಬಂದಾಗ ಅದರ ನಟ್ ಸಹ ಹಿಂಚಕ್ರದ ಕಡೆಗೇ ಇರಬೇಕು. ತಪ್ಪಿದಲ್ಲಿ ಕ್ರ್ಯಾಂಕ್‌ಗಳು ಒಂದೇ ನೇರದಲ್ಲಿ ನಿಲ್ಲುವುದಿಲ್ಲ.

ಹೊಸ ಪಿನ್ ಹಾಕಿಸಿದ ನಂತರ 10-20 ಕಿ.ಮೀ. ಓಡಿಸಿ, ಮತ್ತೊಮ್ಮೆ ಆಧಾರ ಕೊಟ್ಟು ಪಿನ್ನನ್ನು ಬಡಿಸಿ ನಟ್ ಬಿಗಿಗೊಳಿಸತಕ್ಕದ್ದು. ಈ ಎರಡನೇ ಬಿಗಿತವನ್ನು ಮರೆಯುವುದರಿಂದಲೇ ‘ಮೊನ್ನೆಯಷ್ಟೇ ಪಿನ್ ಹಾಕಿಸಿದೆವು, ಮತ್ತೆ ಶಬ್ದ ಬಂತು’ ಎಂಬ ದೂರುಗಳು ಹೆಚ್ಚಾಗಿ ಬರುತ್ತವೆ. ಸಡಿಲ ಪಿನ್ನಿನೊಂದಿಗೇ ತಿಂಗಳುಗಟ್ಟಲೆ ಓಡಿಸಿದರೆ ಕ್ರ್ಯಾಂಕ್‌ನ ರಂಧ್ರ ಹಾಗೂ ಆಕ್ಸಲ್‌ನ ಕಚ್ಚು ಸವೆದು, ಹೊಸ ಪಿನ್ ಕೂಡ ನಿಲ್ಲುವುದಿಲ್ಲ. ಆಗ ಕ್ರ್ಯಾಂಕ್ ಮತ್ತು ಆಕ್ಸಲ್ ಎರಡನ್ನೂ ಬದಲಾಯಿಸಬೇಕಾಗುತ್ತದೆ. ಇತ್ತೀಚಿನ ಕೆಲವು ಬೈಸಿಕಲ್‌ಗಳಲ್ಲಿ ಕಾಟರ್ ಪಿನ್ ಇರುವುದಿಲ್ಲ. ಅವುಗಳಲ್ಲಿ ಕ್ರ್ಯಾಂಕ್ ಅನ್ನು ಚೌಕಾಕಾರದ ಆಕ್ಸಲ್‌ಗೆ ಬೋಲ್ಟ್‌ನಿಂದ ಬಿಗಿಯಲಾಗಿದ್ದು, ಆ ಬೋಲ್ಟ್ ಸಡಿಲವಾಗದಂತೆ ನೋಡಿಕೊಳ್ಳಬೇಕು.

ಪೆಡಲ್ ಮತ್ತು ಬಿ.ಬಿ.

ಪೆಡಲ್ ಕ್ರ್ಯಾಂಕ್‌ಗೆ ಸೇರುವ ತಿರುಪಿನಲ್ಲಿ ಗ್ರೀಸ್ ಇಲ್ಲದಿದ್ದರೆ ಪ್ರತಿ ತುಳಿತಕ್ಕೂ ಕಿರ್ ಎನ್ನುತ್ತದೆ. ಪೆಡಲ್ ಬಿಚ್ಚಿ, ತಿರುಪನ್ನು ಒರೆಸಿ, ಗ್ರೀಸ್ ಹಚ್ಚಿ ಮರಳಿ ಬಿಗಿಯುವುದರಿಂದಲೇ ಅನೇಕ ಬಾರಿ ಶಬ್ದ ನಿಲ್ಲುತ್ತದೆ. ಬಲ ಪೆಡಲ್ ಎಲ್ಲ ತಿರುಪುಗಳಂತೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬಿಗಿಯುತ್ತದೆ. ಎಡ ಪೆಡಲ್ ಇದಕ್ಕೆ ವಿರುದ್ಧ. ಇದು ತಿಳಿಯದೆ ಎಡ ಪೆಡಲನ್ನು ಬಲವಂತವಾಗಿ ತಿರುಗಿಸಿ ಕ್ರ್ಯಾಂಕ್ ಹಾಳು ಮಾಡಿಕೊಳ್ಳುವವರು ಕಡಿಮೆಯಿಲ್ಲ. ಪೆಡಲ್‌ನ ರಬ್ಬರ್ ತುಂಡುಗಳನ್ನು ಹಿಡಿದಿರುವ ಕಡ್ಡಿಗಳ ನಟ್‌ಗಳನ್ನೂ ಇದೇ ವೇಳೆ ಬಿಗಿಗೊಳಿಸಿಕೊಳ್ಳಬಹುದು.

ಬಿ.ಬಿ.ಯ ವಿಷಯದಲ್ಲಿ ಮಲೆನಾಡಿಗೆ ವಿಶೇಷವಾದ ಒಂದು ತೊಂದರೆ ಇದೆ. ಸೀಟ್ ಪಿಲ್ಲರ್ ಇರುವ ಕೊಳವೆಯು ನೇರವಾಗಿ ಬಿ.ಬಿ.ಯೊಳಗೆ ತೆರೆದುಕೊಳ್ಳುತ್ತದೆ. ಮಳೆಯಲ್ಲಿ ನಿಲ್ಲಿಸಿದ ಬೈಸಿಕಲ್‌ನ ಪಿಲ್ಲರ್ ಸಂದಿನಿಂದ ಇಳಿದ ನೀರು ಅಲ್ಲಿ ಸಂಗ್ರಹವಾಗಿ, ಗ್ರೀಸ್‌ನೊಂದಿಗೆ ಬೆರೆತು ಅದನ್ನು ಮಜ್ಜಿಗೆಯಂತೆ ಬೆಳ್ಳಗಾಗಿಸುತ್ತದೆ. ಇಂತಹ ಗ್ರೀಸ್‌ನಿಂದ ಪ್ರಯೋಜನವಿಲ್ಲ. ಮಳೆಗಾಲ ಮುಗಿದ ಕೂಡಲೇ, ಅಂದರೆ ಅಕ್ಟೋಬರ್ ಸುಮಾರಿಗೆ, ಬಿ.ಬಿ. ಬಿಚ್ಚಿಸಿ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಿಸುವುದು ಈ ಭಾಗದಲ್ಲಿ ವರ್ಷಕ್ಕೊಮ್ಮೆಯಾದರೂ ಆಗಬೇಕಾದ ಕೆಲಸ. ಬಾಲ್ಸ್‌ಗಳಲ್ಲಿ ಕುಳಿ ಬಿದ್ದಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಬೇಕೇ ಹೊರತು ಹಳೆಯದರೊಂದಿಗೆ ಹೊಸದನ್ನು ಬೆರೆಸಬಾರದು. ಚೈನ್ ಬದಿಯ ಕಪ್ ಸಾಮಾನ್ಯವಾಗಿ ವಿರುದ್ಧ ದಿಕ್ಕಿನ ತಿರುಪು ಹೊಂದಿದ್ದು, ಅದನ್ನು ಬಿಚ್ಚುವ ಕೆಲಸವನ್ನು ಅಂಗಡಿಯವರಿಗೆ ಒಪ್ಪಿಸುವುದು ಸೂಕ್ತ.

ಸೀಟು, ಚೈನ್, ಚಕ್ರ ಇತ್ಯಾದಿ

ಸೀಟಿನ ಶಬ್ದಕ್ಕೆ ಸ್ಪ್ರಿಂಗ್‌ಗಳ ಬುಡ ಹಾಗೂ ಕ್ಲ್ಯಾಂಪ್‌ಗೆ ಒಂದೆರಡು ಹನಿ ಮಷೀನ್ ಆಯಿಲ್ ಹಾಕಿ ನಟ್ ಬಿಗಿಯುವುದು ಮೊದಲ ಕ್ರಮ. ಫಲಿಸದಿದ್ದರೆ ಪಿಲ್ಲರನ್ನು ಹೊರತೆಗೆದು, ತುಕ್ಕು ಉಜ್ಜಿ, ತೆಳುವಾಗಿ ಗ್ರೀಸ್ ಹಚ್ಚಿ ಮರಳಿ ಇಳಿಸಬೇಕು. ಬೆಳೆಯುವ ಮಕ್ಕಳಿಗಾಗಿ ಸೀಟು ಎತ್ತರಿಸುವಾಗ ಪಿಲ್ಲರ್‌ನ ಮೇಲಿರುವ ಗಡಿ ಗುರುತು ಹೊರಗೆ ಕಾಣದಂತೆ ನೋಡಿಕೊಳ್ಳತಕ್ಕದ್ದು.

ಚೈನನ್ನು ಸೀಮೆಎಣ್ಣೆಯಿಂದ ತೊಳೆದು ಅಷ್ಟಕ್ಕೇ ಬಿಡುವುದರಿಂದ ಇದ್ದ ಜಿಡ್ಡೂ ಹೋಗಿ ತುಕ್ಕು ಬೇಗ ಹಿಡಿಯುತ್ತದೆ. ತೊಳೆದು ಒಣಗಿಸಿದ ನಂತರ ಪ್ರತಿ ಕೊಂಡಿಗೆ ಹನಿ ಮಷೀನ್ ಆಯಿಲ್ ಹಾಕಿ, ಹೊರಗಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಮೋಟಾರು ವಾಹನಗಳಿಂದ ತೆಗೆದ ಹಳೆಯ ಕಪ್ಪು ಎಣ್ಣೆಯಲ್ಲಿ ಲೋಹದ ಕಣಗಳಿರುವುದರಿಂದ ಅದು ಅಗ್ಗವೆನಿಸಿದರೂ ಬಳಕೆಗೆ ಯೋಗ್ಯವಲ್ಲ. ಚೈನ್ ಕವರ್‌ಗೆ ಚೈನ್ ಉಜ್ಜುತ್ತಿದ್ದರೆ ಕವರ್ ಬಗ್ಗಿದೆಯೇ ಅಥವಾ ಚೈನ್ ಜೋತುಬಿದ್ದಿದೆಯೇ ಎಂಬುದನ್ನು ನೋಡಬೇಕು. ಚೈನ್‌ನ ಮಧ್ಯಭಾಗವನ್ನು ಬೆರಳಿನಿಂದ ಎತ್ತಿದಾಗ ಸುಮಾರು ಅರ್ಧ ಅಂಗುಲ ಆಡುವಷ್ಟು ಸಡಿಲವಿದ್ದರೆ ಸಾಕು.

ಚಕ್ರದ ಕಡ್ಡಿಗಳು ಒಂದನ್ನೊಂದು ದಾಟುವಲ್ಲಿ ಉಜ್ಜಿಕೊಂಡು ಕಿರುಗುಟ್ಟುವುದುಂಟು. ಕಡ್ಡಿಗಳನ್ನು ಎರಡೆರಡಾಗಿ ಹಿಸುಕಿ ನೋಡಿದರೆ ಸಡಿಲವಾದುದು ಕೈಗೆ ತಿಳಿಯುತ್ತದೆ. ಅಲ್ಲಿ ಎಣ್ಣೆ ಹಾಕುವುದಾದರೆ ರಿಮ್‌ಗೆ ತಾಗದಂತೆ ಎಚ್ಚರ ವಹಿಸತಕ್ಕದ್ದು. ರಿಮ್‌ಗೆ ಎಣ್ಣೆ ತಗುಲಿದರೆ ಬ್ರೇಕ್ ಹಿಡಿಯುವುದಿಲ್ಲ. ಹಾಲಿನ ಕ್ಯಾನ್, ಹುಲ್ಲಿನ ಹೊರೆ ಅಥವಾ ಶಾಲಾ ಚೀಲ ಇಟ್ಟಾಗ ಮಾತ್ರ ಬರುವ ಶಬ್ದಕ್ಕೆ ಕ್ಯಾರಿಯರ್‌ನ ಬೋಲ್ಟ್‌ಗಳನ್ನು ಬಿಗಿದರೆ ಸಾಕಾಗುತ್ತದೆ.

ಅಲಕ್ಷಿಸಬಾರದ ಶಬ್ದಗಳು

ಮೇಲೆ ತಿಳಿಸಿದ ಶಬ್ದಗಳಲ್ಲಿ ಹೆಚ್ಚಿನವು ಕಿರಿಕಿರಿಯಷ್ಟೇ ಉಂಟುಮಾಡುತ್ತವೆ. ಬೈಸಿಕಲ್‌ನ ಮುಂಭಾಗದಿಂದ ಬರುವ ಶಬ್ದ ಹಾಗಲ್ಲ. ಮುಂದಿನ ಬ್ರೇಕ್ ಒತ್ತಿ ಹಿಡಿದು ಬೈಸಿಕಲ್ಲನ್ನು ಹಿಂದೆ ಮುಂದೆ ನೂಕಿದಾಗ ಹ್ಯಾಂಡಲ್‌ನ ಬುಡದಲ್ಲಿ ‘ಟಕ್’ ಎಂದರೆ ಅಲ್ಲಿನ ಕಪ್‌ಗಳು ಸಡಿಲಗೊಂಡಿವೆ. ಮುಂಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ತಿರುಗಿಸಿದಾಗ ಚಕ್ರ ಅಲುಗದೆ ಹ್ಯಾಂಡಲ್ ಮಾತ್ರ ತಿರುಗಿದರೆ ಅದರ ನಡುವಿನ ಬೋಲ್ಟ್ ಬಿಗಿಯಾಗಿಲ್ಲ. ಇಂತಹ ಬೈಸಿಕಲ್‌ನಲ್ಲಿ ಮಕ್ಕಳನ್ನು ರಸ್ತೆಗೆ ಕಳುಹಿಸಬಾರದು. ತೀರ್ಥಹಳ್ಳಿ–ಕುಂದಾಪುರ ರಸ್ತೆಯು ಮಾಸ್ತಿಕಟ್ಟೆಯಿಂದ ಮುಂದೆ ಹುಲಿಕಲ್ ಘಾಟಿಯಲ್ಲಿ ಕಡಿದಾದ ತಿರುವುಗಳೊಂದಿಗೆ ಇಳಿಯುತ್ತದೆ. ಇಂತಹ ಇಳಿಜಾರಿನಲ್ಲಿ ಹ್ಯಾಂಡಲ್ ಕೈಕೊಟ್ಟರೆ ಬ್ರೇಕ್‌ನಿಂದ ರಕ್ಷಣೆ ಸಿಗದು.

ಎಲ್ಲ ಭಾಗಗಳನ್ನು ಬಿಗಿಗೊಳಿಸಿದ ನಂತರವೂ ಶಬ್ದ ಉಳಿದರೆ ಬೈಸಿಕಲ್ಲನ್ನು ತೊಳೆದು ಒಣಗಿಸಿ, ಹಗಲು ಬೆಳಕಿನಲ್ಲಿ ಚೌಕಟ್ಟಿನ ಬೆಸುಗೆಗಳನ್ನು ಪರಿಶೀಲಿಸಬೇಕು. ಹ್ಯಾಂಡಲ್ ಕೆಳಗಿನ ಸಂಧಿ, ಬಿ.ಬಿ.ಯ ಸುತ್ತಲಿನ ಸಂಧಿ, ಸೀಟಿನ ಕೆಳಗಿನ ಸಂಧಿ ಹಾಗೂ ಮುಂದಿನ ಫೋರ್ಕ್‌ನ ಮೇಲ್ತುದಿ, ಈ ನಾಲ್ಕು ಕಡೆ ಬಣ್ಣದಲ್ಲಿ ಕೂದಲೆಳೆಯಂತಹ ಗೆರೆ ಅಥವಾ ಗೆರೆಯುದ್ದಕ್ಕೂ ಕೆಂಪು ತುಕ್ಕು ಕಂಡರೆ ಅದು ಬಿರುಕಾಗಿರಬಹುದು. ಅಂತಹ ಬೈಸಿಕಲ್ಲನ್ನು ಕೂಡಲೇ ಬಳಕೆಯಿಂದ ಕೈಬಿಟ್ಟು ಅನುಭವಿ ಮೆಕ್ಯಾನಿಕ್‌ಗೆ ತೋರಿಸತಕ್ಕದ್ದು. ಬಿರುಕು ಬಿಟ್ಟ ಫೋರ್ಕನ್ನು ವೆಲ್ಡಿಂಗ್ ಮಾಡಿಸಿ ಬಳಸುವುದು ಅಪಾಯಕರ. ಹೊಸ ಫೋರ್ಕ್ ಹಾಕಿಸುವುದೇ ಸರಿಯಾದ ಕ್ರಮವಾಗಿದೆ.

ಹೊಸ ಬೈಸಿಕಲ್‌ನಲ್ಲಿ ಶಬ್ದ ಕಂಡುಬಂದಲ್ಲಿ

ಅಂಗಡಿಯಿಂದ ಹಣ ಕೊಟ್ಟು ಖರೀದಿಸಿದ ಹೊಸ ಬೈಸಿಕಲ್‌ನಲ್ಲಿ ಮೊದಲ ಕೆಲವು ವಾರಗಳಲ್ಲಿ ಶಬ್ದ ಬಂದರೆ, ಬಹುತೇಕ ಜೋಡಣೆಯ ಸಮಯದಲ್ಲಿ ಗ್ರೀಸ್ ಹಾಕದಿರುವುದು ಅಥವಾ ಬೋಲ್ಟ್‌ಗಳನ್ನು ಎರಡನೇ ಬಾರಿ ಬಿಗಿಯದಿರುವುದು ಕಾರಣವಾಗಿರುತ್ತದೆ. ಮಾರಾಟಗಾರರ ಬಳಿಯೇ ಇದನ್ನು ಸರಿಪಡಿಸಿಕೊಳ್ಳಬಹುದು. ಭಾಗವೇ ದೋಷಪೂರಿತವಾಗಿದ್ದು ಮಾರಾಟಗಾರರು ಸ್ಪಂದಿಸದಿದ್ದಲ್ಲಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದರೆ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಅರ್ಜಿ ಸಲ್ಲಿಸಬಹುದು. ಖರೀದಿ ಮೊತ್ತ ರೂ. 5 ಲಕ್ಷ ಮೀರದ ಪ್ರಕರಣಗಳಿಗೆ ಶುಲ್ಕವಿರುವುದಿಲ್ಲ, ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಖರೀದಿ ರಸೀದಿ, ಖಾತರಿ ಪತ್ರ ಹಾಗೂ ದುರಸ್ತಿಗೆ ನೀಡಿದ ದಿನಾಂಕಗಳ ವಿವರವನ್ನು ಅರ್ಜಿಯೊಂದಿಗೆ ಲಗತ್ತಿಸುವುದು. ಅಂಗಡಿಯವರು ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದು ಇರಿಸಿಕೊಂಡಿದ್ದರೆ, ದೋಷವನ್ನು ಸಾಬೀತುಪಡಿಸಲು ಅದು ನೆರವಾಗುತ್ತದೆ.